ಎಂಜಿನ್ ಇಳಿಸುವ ಮೊದಲು ಮೀಟರ್ ಹಚ್ಚಿ ನೋಡಿದೆ

ಏಪ್ರಿಲ್ ಬಿಸಿಲು. ಧಾರವಾಡದಿಂದ ಬರುತ್ತ ಉಣಕಲ್ ಕೆರೆ ದಾಟಿ ಸಿಗ್ನಲ್ಲಿಗೆ ನಿಂತಾಗ ನಮ್ಮ ಅಂಬಾಸಡರ್‌ನ ಆಯಿಲ್ ದೀಪ ಮಿಣುಕತೊಡಗಿತು. ಎಕ್ಸಲರೇಟರ್ ಒತ್ತಿದರೆ ಆರುತ್ತದೆ, ಬಿಟ್ಟರೆ ಮತ್ತೆ ಹತ್ತುತ್ತದೆ. ಅಪ್ಪ 1978ರಲ್ಲಿ ಕೊಂಡ ಮಾರ್ಕ್ 3 ಗಾಡಿ, 1489 ಸಿಸಿ ಪೆಟ್ರೋಲ್ ಎಂಜಿನ್. ಎದೆ ಧಸಕ್ಕೆಂದಿತು. ಅಲ್ಲೇ ಬದಿಗೆ ಹಾಕಿ ಬಂದ್ ಮಾಡಿದೆ, ಎಳೆಸಿಕೊಂಡೇ ಮನೆಗೆ ತಂದೆ.

ಮೊದಲು ಬಂದು ನೋಡಿದ ಗ್ಯಾರೇಜಿನವರು ಐದೇ ನಿಮಿಷದಲ್ಲಿ "ಬೇರಿಂಗ್ ಹೋಗ್ಯಾವ್ರೀ, ಎಂಜಿನ್ ಇಳಸಬೇಕು" ಅಂದುಬಿಟ್ಟರು. ಹೋಗಿರಲೂಬಹುದು. ಆದರೆ ಅಳೆಯದೆ ಆಡಿದ ಮಾತಿಗೆ ಎಂಜಿನ್ ಬಿಚ್ಚಿಸಲು ನನಗೆ ಮನಸ್ಸಾಗಲಿಲ್ಲ. ದೀಪ ಹೇಳುವುದು ಇಷ್ಟೇ: ಆಯಿಲ್‌ನ ಒತ್ತಡ ತಳ ಕಂಡಿದೆ, ಇಲ್ಲವೇ ಸ್ವಿಚ್ ಕೆಟ್ಟಿದೆ.

ಡಿಪ್‌ಸ್ಟಿಕ್ ಎಳೆದೆ. ಆಯಿಲ್ ಮೇಲಿನ ಗೆರೆಗಿಂತ ಅರ್ಧ ಬೆರಳು ಮೇಲಿತ್ತು. ತಿಂಗಳಿಂದ ಟಾಪ್‌ಅಪ್ ಮಾಡಿರಲಿಲ್ಲ, ಆಯಿಲ್ ಕುಡಿಯುತ್ತಿಲ್ಲ ಎಂದು ಖುಷಿಯಲ್ಲೇ ಇದ್ದೆ. ಎರಡು ಬೆರಳ ನಡುವೆ ತಿಕ್ಕಿದರೆ ಜಿಗುಟೇ ಇಲ್ಲ, ನೀರಿನಂತೆ ಜಾರಿತು. ಮೂಗಿಗೆ ಹಿಡಿದೆ. ಘಮ್ಮೆಂದು ಪೆಟ್ರೋಲ್ ವಾಸನೆ.

ಈ ಗಾಡಿಯ ಪೆಟ್ರೋಲ್ ಪಂಪನ್ನು ಕ್ಯಾಮ್‌ಶಾಫ್ಟ್ ಓಡಿಸುತ್ತದೆ. ಪಂಪು ಬ್ಲಾಕಿಗೇ ಅಂಟಿ ಕೂತಿರುವುದರಿಂದ ಒಳಗಿನ ಡಯಾಫ್ರಮ್ ಎಂಬ ತೆಳು ಪರದೆ ಹರಿದರೆ ಪೆಟ್ರೋಲ್ ನೇರವಾಗಿ ಚೇಂಬರಿಗೆ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಗೆ, ಇಳಿಯುತ್ತದೆ. ಬಿಚ್ಚಿ ಬೆಳಕಿಗೆ ಹಿಡಿದಾಗ ಮಡಿಕೆಯ ಜಾಗದಲ್ಲಿ ಉಗುರಿನಷ್ಟು ಉದ್ದದ ಬಿರುಕು ಕಂಡಿತು. ಹೊಸ ಡಯಾಫ್ರಮ್, ಹೊಸ ಫಿಲ್ಟರ್, ಹೊಸ 20ಡಬ್ಲ್ಯೂ-50 ಆಯಿಲ್. ತೆಳುವಾದ ಆಯಿಲ್‌ನಲ್ಲಿ ಒತ್ತಡ ನೋಡುವುದು ವ್ಯರ್ಥ, ಎಂಜಿನ್ನಿಗೂ ಕೇಡು. ಅದಕ್ಕೇ ಮೀಟರ್ ಆಮೇಲೆ ಹಚ್ಚಿದೆ.

ಮೀಟರ್ ಹಚ್ಚುವುದು ದೊಡ್ಡ ಕೆಲಸವಲ್ಲ. ಬ್ಲಾಕಿನ ಮೇಲಿನ ಪ್ರೆಶರ್ ಸ್ವಿಚ್ ತೆಗೆದು, ಆ ಥ್ರೆಡ್ಡಿಗೆ ಹೊಂದುವ ಅಡಾಪ್ಟರನ್ನು ಲೇತಿನಲ್ಲಿ ಮಾಡಿಸಿ ಮುಳ್ಳಿನ ಮೀಟರ್ ಕೂಡಿಸಿದೆ. ತಣ್ಣಗಿದ್ದಾಗ ಕಂಡ ಅಂಕಿಯನ್ನು ನಂಬಬಾರದು. ಅರ್ಧ ತಾಸು ಓಡಿಸಿ ಎಂಜಿನ್ ಚೆನ್ನಾಗಿ ಕಾದ ಮೇಲೆ ಬರೆದುಕೊಂಡೆ: ಐಡ್ಲಿಂಗ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಮಾತ್ರ ತಿರುಗುವಾಗ, ಚದರಂಗುಲಕ್ಕೆ 15 ಪೌಂಡ್, ಓಡುವಾಗ 30. ಇಂಥ ಎಂಜಿನ್ನಿಗೆ ಕಾದಾಗ ಐಡ್ಲಿಂಗ್‌ನಲ್ಲಿ 10ರಿಂದ 25 ಇದ್ದರೆ ಸರಿ. ಆದರೆ ಓಡುವಾಗ 50ರ ಆಸುಪಾಸು ಬೇಕು. ಏನೇ ಒತ್ತಿದರೂ ಮುಳ್ಳು 30ರ ಮೇಲೆ ಏರಲಿಲ್ಲ.

ಇಲ್ಲಿ ಚಾಚಾನನ್ನು ಕರೆದೆ. ನಲವತ್ತು ವರ್ಷ ಅಂಬಾಸಡರ್ ಬಿಚ್ಚಿದ ಕೈ ಅವರದು. ಮೀಟರ್ ನೋಡಿದವರೇ ಬ್ಲಾಕಿನ ಹಿಂಬದಿಯ ಗುಮ್ಮಟದಂಥ ನಟ್ ತೋರಿಸಿದರು. "ರಿಲೀಫ್ ವಾಲ್ವ್ ತಗಿ ತಮ್ಮಾ. ಬೇರಿಂಗ್ ಸವದಿದ್ರ ಐಡ್ಲಿಂಗ್‌ನ್ಯಾಗ ಮೊದಲ ಬೀಳ್ತಿತ್ತು."

ಅದು ಹೆಚ್ಚಾದ ಒತ್ತಡವನ್ನು ಚೇಂಬರಿಗೆ ಬಿಡುವ ಬಾಗಿಲು. ಸ್ಪ್ರಿಂಗ್ ಸೋತರೆ ಬಾಗಿಲು ಬೇಗ ತೆರೆದುಕೊಳ್ಳುತ್ತದೆ, ಪಂಪು ಎಷ್ಟು ತಳ್ಳಿದರೂ ಒತ್ತಡ ಅಲ್ಲೇ ನಿಲ್ಲುತ್ತದೆ. ಐಡ್ಲಿಂಗ್‌ನಲ್ಲಿ ಅದು ಮುಚ್ಚಿಯೇ ಇರುವುದರಿಂದ ಅಲ್ಲಿನ ಅಂಕಿ ಪಂಪು, ಬೇರಿಂಗ್‌ಗಳ ಸ್ಥಿತಿ ಹೇಳುತ್ತದೆ. ಹಳೆಯ ಸ್ಪ್ರಿಂಗನ್ನು ಹೊಸದರ ಪಕ್ಕದಲ್ಲಿ ಟೇಬಲ್ ಮೇಲೆ ನಿಲ್ಲಿಸಿದೆವು. ಕಣ್ಣಿಗೆ ಕಾಣುವಷ್ಟು ಗಿಡ್ಡ. ವಾಲ್ವಿನ ಮೂತಿಯ ಹೊಳಪು ಗೆರೆ ಒಂದು ಕಡೆ ಅಗಲ, ಇನ್ನೊಂದು ಕಡೆ ಕೂದಲೆಳೆಯಷ್ಟು. ಅಂದರೆ ವಾಲ್ವು ತನ್ನ ಸೀಟಿನ ಮೇಲೆ ಸಮನಾಗಿ ಕೂರುತ್ತಿರಲಿಲ್ಲ.

"ವೈಸರ್ ಹಾಕಿ ಹಳೇ ಸ್ಪ್ರಿಂಗನ್ನ ಬಿಗಿ ಮಾಡಿದ್ರ ಹೆಂಗ, ಚಾಚಾ?"

"ಬ್ಯಾಡೋ. ರೋಗ ಮುಚ್ಚತೈತಿ, ಹೋಗಂಗಿಲ್ಲ."

ಸೀಟಿಗೆ ವಾಲ್ವನ್ನು ಉಜ್ಜುವ ಪೇಸ್ಟ್ ಹಚ್ಚಿ ಹಗುರಾಗಿ ತಿರುಗಿಸಿ ತಿಕ್ಕಿ, ಪೇಸ್ಟಿನ ಒಂದು ಕಣವೂ ಉಳಿಯದಂತೆ ತೊಳೆದು, ಹೊಸ ಸ್ಪ್ರಿಂಗ್ ಹಾಕಿದೆವು. ಮತ್ತೆ ಧಾರವಾಡಕ್ಕೆ ಹೋಗಿ ಬಂದೆ. ಓಡುವಾಗ 50. ಅದೇ ಸಿಗ್ನಲ್ಲಿನಲ್ಲಿ ನಿಂತಾಗ 15, ಮೊದಲಿನಷ್ಟೇ.

ಪೆಟ್ರೋಲ್ ಬೆರೆತ ಆಯಿಲ್‌ನಲ್ಲಿ ಓಡಿದ ಬೇರಿಂಗ್‌ಗಳ ಚಿಂತೆ ಇದ್ದೇ ಇದೆ. ಮೀಟರನ್ನು ಡ್ಯಾಶಿನ ಕೆಳಗೆ ಕಾಯಂ ಕೂಡಿಸಿದ್ದೇನೆ. ಕಾದ ಎಂಜಿನ್ ಐಡ್ಲಿಂಗ್‌ನಲ್ಲಿ 10ಕ್ಕೆ ಇಳಿದ ದಿನ ಚೇಂಬರ್ ಬಿಚ್ಚಿಸುತ್ತೇನೆ. ಈಗಂತೂ ರವಿವಾರ ಮುಂಜಾನೆ ಡಿಪ್‌ಸ್ಟಿಕ್ ಎಳೆದಾಗ, ಆಯಿಲ್ ಇಳಿದಿದೆಯೇ ಎಂಬುದರ ಜೊತೆಗೆ ಏರಿದೆಯೇ ಎಂದೂ ನೋಡುತ್ತೇನೆ.