ಹಳದಿ ಬಂದರೆ ಸಾಲದು, ಸರಿಯಾದ ಟ್ಯೂಬಿನಲ್ಲಿ ಬರಬೇಕು

ಫೆಬ್ರವರಿ ಬಂತೆಂದರೆ ಮಂಗಳೂರು, ಉಡುಪಿಯ ಕಾಲೇಜು ಲ್ಯಾಬುಗಳಲ್ಲಿ ಪ್ರಾಜೆಕ್ಟ್ ಗಡಿಬಿಡಿ. ಮೈಕ್ರೋಬಯಾಲಜಿಯವರ ಒಂದು ಪ್ರಯೋಗವಂತೂ ನಾನು ಕಂಡಂತೆ ಪ್ರತಿ ವರ್ಷ ಕೆಡುತ್ತದೆ. ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ಗ್ಲೂಕೋಸ್, ಲ್ಯಾಕ್ಟೋಸ್ ಎರಡನ್ನೂ ಒಟ್ಟಿಗೆ ಕೊಡಬೇಕು. ಲ್ಯಾಕ್ಟೋಸ್ ಒಡೆಯುವ ಬೀಟಾ ಗ್ಯಾಲಕ್ಟೋಸಿಡೇಸ್ ಕಿಣ್ವವನ್ನು ಅದು ಎಷ್ಟು ತಯಾರಿಸಿದೆ ಎಂದು ಅಳೆಯಬೇಕು. ಕಿಣ್ವ ಹೆಚ್ಚಿದ್ದಷ್ಟೂ ಟ್ಯೂಬಿನಲ್ಲಿ ಹಳದಿ ಹೆಚ್ಚು. ಆ ಟ್ಯೂಬಿನಲ್ಲಿ ಬಣ್ಣ ಹೆಚ್ಚುಕಡಿಮೆ ಬರಲೇಬಾರದು. ಇವರದ್ದು ಅರಿಶಿನ ನೀರಿನ ಹಾಗೆ ಹಳದಿ. "ಸರ್, ಪುಸ್ತಕವೇ ತಪ್ಪು" ಎಂದು ಬರುತ್ತಾರೆ. ಪುಸ್ತಕ ತಪ್ಪಲ್ಲ ಮಾರಾಯ್ರೆ. ಹಿಂದಿನ ಸಂಜೆ ಟ್ಯೂಬು ಇನ್‌ಕ್ಯುಬೇಟರಿನಲ್ಲಿ ಬಿಟ್ಟು ಬಸ್ಸು ಹತ್ತಿದ್ದು ತಪ್ಪು.

ಎದುರಿಗೆ ಬಿಸಿ ಬನ್ಸ್ ಇರುವಾಗ ತೆಂಗಿನಕಾಯಿ ಒಡೆಯಲು ಕತ್ತಿ ಹುಡುಕುವವರು ಯಾರು? ಗ್ಲೂಕೋಸ್ ಬನ್ಸ್, ಲ್ಯಾಕ್ಟೋಸ್ ಕಾಯಿ, ಕಿಣ್ವ ಕತ್ತಿ. ಬನ್ಸ್ ಮುಗಿಯುವವರೆಗೆ ಬ್ಯಾಕ್ಟೀರಿಯಾ ಕತ್ತಿ ಮಾಡಿಸುವ ಖರ್ಚಿಗೆ ಹೋಗುವುದಿಲ್ಲ. ಎರಡು ಸಕ್ಕರೆ ಕೊಟ್ಟರೆ ಬೆಳವಣಿಗೆ ಎರಡು ಮೆಟ್ಟಿಲಿನಲ್ಲಿ ನಡೆಯುವುದನ್ನು ಫ್ರೆಂಚ್ ವಿಜ್ಞಾನಿ ಜಾಕ್ ಮೊನೊ 1941ರಲ್ಲಿ ತೋರಿಸಿದರು. 1965ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು.

ಹಂತ 1: ತಳಿ. ಲ್ಯಾಬಿನ ಫ್ರೀಜರಿನಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಬೇಡಿ. ಹೆಚ್ಚಿನ ಕಡೆ ಮೊದಲು ಸಿಗುವುದು ಡಿಎಚ್5 ಆಲ್ಫಾ ಎಂಬ ಇ. ಕೋಲೈ ತಳಿ. ಅದರಲ್ಲಿ ಈ ಕಿಣ್ವದ ಜೀನಿನ ಒಂದು ತುಂಡೇ ಇಲ್ಲ. ಮೂರು ದಿನ ಒದ್ದಾಡಿದರೂ ಹಳದಿ ಬರುವುದಿಲ್ಲ. ಜೀನು ಪೂರ್ತಿ ಇರುವ ಎಂಜಿ1655 ತಳಿ ಕೇಳಿ ತರಿಸಿ.

ಹಂತ 2: ಆಹಾರ. ಎಂ9 ಮಾಧ್ಯಮ (ಲವಣಗಳ ಸರಳ ಆಹಾರ ದ್ರಾವಣ) ಮಾಡಿ. ಸಕ್ಕರೆಗಳನ್ನು ಬೇರೆಯಾಗಿ ಫಿಲ್ಟರ್ ಮಾಡಿ ಕೊನೆಗೆ ಹಾಕಿ. ಐದು ಫ್ಲಾಸ್ಕು ಬೇಕು: ಬರೇ ಗ್ಲಿಸರಾಲ್, ಗ್ಲಿಸರಾಲ್ ಜೊತೆ ಐಪಿಟಿಜಿ (ಲ್ಯಾಕ್ಟೋಸ್ ಇಲ್ಲದೆಯೂ ಕಿಣ್ವದ ತಯಾರಿ ಶುರು ಮಾಡಿಸುವ ರಾಸಾಯನಿಕ), ಬರೇ ಲ್ಯಾಕ್ಟೋಸ್, ಬರೇ ಗ್ಲೂಕೋಸ್, ಕೊನೆಯದು ಗ್ಲೂಕೋಸ್ ಮತ್ತು ಲ್ಯಾಕ್ಟೋಸ್. ಸಕ್ಕರೆ ಶೇ 0.2, ಗ್ಲಿಸರಾಲ್ ಶೇ 0.4, ಐಪಿಟಿಜಿ 1 ಮಿಲಿಮೋಲಾರ್ ಸಾಕು.

ಲ್ಯಾಕ್ಟೋಸ್ ಬದಲಿಗೆ ಹಾಲು ಹಾಕಿದವರನ್ನು ನೋಡಿದ್ದೇನೆ. ಹಾಲಿನ ಬಿಳುಪಿನಲ್ಲಿ ಬ್ಯಾಕ್ಟೀರಿಯಾ ಎಷ್ಟಿದೆ ಎಂದು ಅಳೆಯುವುದು ಹೇಗೆ? ಇನ್ನೊಬ್ಬರು ಮೆಡಿಕಲ್ ಶಾಪಿನಿಂದ ಕಿತ್ತಳೆ ರುಚಿಯ ಗ್ಲೂಕೋಸ್ ಪುಡಿ ತಂದಿದ್ದರು. ಹಳದಿ ಅಳೆಯುವ ಪ್ರಯೋಗಕ್ಕೆ ಕಿತ್ತಳೆ ಬಣ್ಣ! ಲ್ಯಾಬಿನ ಶುದ್ಧ ಗ್ಲೂಕೋಸ್ ಬಿಟ್ಟು ಬೇರೆ ಬೇಡ.

ಹಂತ 3: ಸಮಯ. ಎಲ್ಲ ಕೆಡುವುದು ಇಲ್ಲೇ. ಹಿಂದಿನ ರಾತ್ರಿಯ ಕಲ್ಚರನ್ನು ಗ್ಲಿಸರಾಲ್‌ನಲ್ಲೇ ಬೆಳೆಸಿ. ಲ್ಯಾಕ್ಟೋಸ್‌ನಲ್ಲಿ ಬೆಳೆಸಿದರೆ ಕಿಣ್ವ ಮೊದಲೇ ತುಂಬಿಕೊಂಡಿರುತ್ತದೆ. ಬೆಳಿಗ್ಗೆ ಕೋಶಗಳನ್ನು ತೊಳೆದು ಐದೂ ಫ್ಲಾಸ್ಕಿಗೆ ಹಾಕಿ, ಆರಂಭದ ಓಡಿ (ದ್ರಾವಣ ಬೆಳಕನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ, ಬ್ಯಾಕ್ಟೀರಿಯಾ ಹೆಚ್ಚಿದಷ್ಟೂ ಹೆಚ್ಚು) 0.05 ಇರಲಿ. 37 ಡಿಗ್ರಿಯಲ್ಲಿ ಅಲ್ಲಾಡಿಸುತ್ತಾ ಇಡಿ. ಓಡಿ 0.3ರಿಂದ 0.5ರೊಳಗೆ ಬಂದ ಕೂಡಲೇ ಸ್ಯಾಂಪಲ್ ತೆಗೆಯಿರಿ. ಗ್ಲೂಕೋಸ್ ಫ್ಲಾಸ್ಕಿಗೆ ಸುಮಾರು ಮೂರು ಗಂಟೆ ಹಿಡಿಯುತ್ತದೆ, ಗ್ಲಿಸರಾಲ್ ನಿಧಾನ. ಒಂದೇ ಗಡಿಯಾರ ನೋಡಿ ಐದನ್ನೂ ಒಟ್ಟಿಗೆ ತೆಗೆಯುವ ಚಾಳಿ ಬಿಡಿ. ಪ್ರತಿಯೊಂದರದ್ದೂ ಓಡಿ ನೋಡಬೇಕು. ರಾತ್ರಿಯಿಡೀ ಬಿಟ್ಟರೆ ಗ್ಲೂಕೋಸ್ ಖಾಲಿಯಾಗಿ ಲ್ಯಾಕ್ಟೋಸ್ ಶುರುವಾಗುತ್ತದೆ. ಆಗ ಐದನೇ ಫ್ಲಾಸ್ಕೂ ಹಳದಿ ಕೊಡದೆ ಇನ್ನೇನು ಕೊಟ್ಟೀತು?

ತೆಗೆದ ಸ್ಯಾಂಪಲ್ ತಕ್ಷಣ ಐಸಿಗೆ. ನಮ್ಮ ಊರಿನ ಸೆಕೆಯಲ್ಲಿ ಟೇಬಲ್ಲಿನ ಮೇಲಿಟ್ಟ ಟ್ಯೂಬಿನೊಳಗೆ ಬ್ಯಾಕ್ಟೀರಿಯಾ ಸುಮ್ನೆ ಕೂರುವುದಿಲ್ಲ, ಬೆಳೆಯುತ್ತಲೇ ಇರುತ್ತದೆ. ಲ್ಯಾಬಿನ ಐಸ್ ಮೆಷಿನ್ ಕೈಕೊಟ್ಟರೆ ಮಂಗಳೂರಿನವರು ಧಕ್ಕೆಗೆ (ಮೀನು ಬಂದರಿಗೆ), ಉಡುಪಿಯವರು ಮಲ್ಪೆಗೆ ಹೋಗಿ ಮೀನಿನ ಐಸ್ ತನ್ನಿ. ವಾಸನೆ ಬರಲಿ, ಚಿಂತೆಯಿಲ್ಲ. ಟ್ಯೂಬಿನ ಮುಚ್ಚಳ ಮಾತ್ರ ಐಸಿನಿಂದ ಮೇಲಿರಲಿ.

ಎರಡು ಮೆಟ್ಟಿಲಿನ ಗ್ರಾಫೇ ಬೇಕು ಎನ್ನುವವರು ಎರಡೂ ಸಕ್ಕರೆಯ ಇನ್ನೊಂದು ಫ್ಲಾಸ್ಕಿನಲ್ಲಿ ಗ್ಲೂಕೋಸನ್ನು ಶೇ 0.05ಕ್ಕೆ ಇಳಿಸಿ, ಪ್ರತಿ 15 ನಿಮಿಷಕ್ಕೆ ಓಡಿ ನೋಡಿ. ನಡುವೆ ಬೆಳವಣಿಗೆ ನಿಂತಂತೆ ಕಾಣುವ ಹೊತ್ತು ಚಿಕ್ಕದು. ಆ ಹೊತ್ತಿಗೇ ಕ್ಯಾಂಟೀನಿಗೆ ಹೋದರೆ ಗ್ರಾಫಿನಲ್ಲಿ ಮೆಟ್ಟಿಲೇ ಇರುವುದಿಲ್ಲ.

ಹಂತ 4: ಬಣ್ಣ. ಸ್ಯಾಂಪಲ್ಲಿಗೆ ಝಡ್ ಬಫರ್ (ಈ ಪರೀಕ್ಷೆಯ ಲವಣ ದ್ರಾವಣ) ಸೇರಿಸಿ 1 ಮಿ.ಲೀ. ಮಾಡಿ. ಕೋಶಗಳ ಪೊರೆ ತೂತಾಗಲು ಎರಡು ಹನಿ ಕ್ಲೋರೋಫಾರ್ಮ್, ಒಂದು ಹನಿ ಶೇ 0.1 ಎಸ್‌ಡಿಎಸ್ (ಒಂದು ಡಿಟರ್ಜೆಂಟ್) ಹಾಕಿ ಹತ್ತು ಸೆಕೆಂಡು ಜೋರಾಗಿ ಕುಲುಕಿ. ಗಾಜಿನ ಟ್ಯೂಬೇ ಇರಲಿ. ಅಗ್ಗದ ಪಾರದರ್ಶಕ ಪ್ಲಾಸ್ಟಿಕ್ಕಿಗೆ ಕ್ಲೋರೋಫಾರ್ಮ್ ತಾಗಿದರೆ ಮಂಜು ಹಿಡಿದಂತಾಗುತ್ತದೆ. ಜೆಫ್ರಿ ಮಿಲ್ಲರ್ 1972ರಲ್ಲಿ ಬರೆದ ವಿಧಾನ 28 ಡಿಗ್ರಿಯದ್ದು. ಮಾರ್ಚಿನಲ್ಲಿ ನಮ್ಮ ನಳ್ಳಿ ನೀರೇ ಅದಕ್ಕಿಂತ ಬಿಸಿ. ಹಾಗಾಗಿ ಎಲ್ಲ ಟ್ಯೂಬನ್ನೂ 37ರಲ್ಲೇ ಮಾಡಿ, ರೆಕಾರ್ಡಿನಲ್ಲಿ ಹಾಗೆಂದು ಬರೆಯಿರಿ.

ಕಿಣ್ವ ಒಡೆದರೆ ಹಳದಿ ಕೊಡುವ ರಾಸಾಯನಿಕ ಓಎನ್‌ಪಿಜಿ. ಅದರ 4 ಮಿ.ಗ್ರಾಂ/ಮಿ.ಲೀ. ದ್ರಾವಣ 0.2 ಮಿ.ಲೀ. ಹಾಕಿದ ಗಳಿಗೆಯಿಂದ ಸ್ಟಾಪ್‌ವಾಚ್ ಓಡಲಿ. ತಿಳಿ ಹಳದಿ ಕಂಡಾಗ 1 ಮೋಲಾರ್ ಸೋಡಿಯಂ ಕಾರ್ಬೊನೇಟ್ ಅರ್ಧ ಮಿ.ಲೀ. ಸುರಿದು ನಿಲ್ಲಿಸಿ. ಅದನ್ನು ಹಾಕಿದ ಮೇಲೆ ಬಣ್ಣ ಇನ್ನೂ ಗಾಢವಾಗುತ್ತದೆ. ಆದ್ದರಿಂದ ಕಡು ಹಳದಿಯಾಗುವವರೆಗೆ ಕಾಯಬೇಡಿ. ಬಣ್ಣವೇ ಬಾರದ ಟ್ಯೂಬನ್ನು ಒಂದು ಗಂಟೆಗೆ ನಿಲ್ಲಿಸಿ, ಅದರ ನಿಮಿಷವನ್ನೂ ಬರೆದಿಡಿ.

ಹಂತ 5: ಲೆಕ್ಕ. ಓಡಿ ಪಕ್ಕದ ಸಂಖ್ಯೆ ಬೆಳಕಿನ ತರಂಗಾಂತರ, ನ್ಯಾನೋಮೀಟರಿನಲ್ಲಿ. ಓಡಿ 420ರಿಂದ (ಹಳದಿ) 1.75 ಪಟ್ಟು ಓಡಿ 550 (ಕೋಶಗಳ ಮಬ್ಬು) ಕಳೆಯಿರಿ, 1000ದಿಂದ ಗುಣಿಸಿ. ನಂತರ ನಿಮಿಷ, ಸ್ಯಾಂಪಲ್ಲಿನ ಮಿ.ಲೀ. ಮತ್ತು ಓಡಿ 600 (ಸ್ಯಾಂಪಲ್ ತೆಗೆದಾಗಿನ ಕಲ್ಚರಿನದ್ದು), ಈ ಮೂರರ ಗುಣಲಬ್ಧದಿಂದ ಭಾಗಿಸಿ. ಬರುವುದು ಕಿಣ್ವದ ಅಳತೆ, ಮಿಲ್ಲರ್ ಯೂನಿಟ್.

ಇನ್ನು ವೈವಾ. "ಗ್ಲೂಕೋಸ್ ಇದ್ದರೆ ಸೈಕ್ಲಿಕ್ ಎಎಂಪಿ ಕಡಿಮೆ" (ಅದು ಕಿಣ್ವದ ಜೀನು ಚಾಲೂ ಆಗಲು ನೆರವಾಗುವ ಸಂಕೇತ ಅಣು) ಎಂದು ಒಂದೇ ಸಾಲು ಒಪ್ಪಿಸಿದರೆ ನಾನು ಅರ್ಧ ಮಾರ್ಕು ಕತ್ತರಿಸುತ್ತೇನೆ. ಗ್ಲೂಕೋಸ್ ಒಳಗೆ ಬರುವಾಗ ಅದಕ್ಕೆ ಒಂದು ಫಾಸ್ಫೇಟ್ ಅಂಟಿಸಬೇಕು. ಅದನ್ನು ಕೈಯಿಂದ ಕೈಗೆ ದಾಟಿಸುವ ಪ್ರೋಟೀನುಗಳ ಸಾಲೊಂದಿದೆ. ಗ್ಲೂಕೋಸ್ ಜಾಸ್ತಿ ಬರುತ್ತಿರುವಾಗ ಆ ಸಾಲಿನ ಎನ್‌ಝೈಮ್ ಟು-ಎ ಎಂಬುದರ ಕೈ ಖಾಲಿ. ಖಾಲಿ ಕೈಯಲ್ಲಿ ಅದು ಹೋಗಿ ಲ್ಯಾಕ್ಟೋಸ್ ಒಳಬರುವ ಬಾಗಿಲಿಗೆ ಅಡ್ಡ ಕೂರುತ್ತದೆ. ಲ್ಯಾಕ್ಟೋಸ್ ಒಳಗೆ ಬಾರದಿದ್ದರೆ ಅಲೋಲ್ಯಾಕ್ಟೋಸ್ ಆಗುವುದಿಲ್ಲ. ಅದಿಲ್ಲದೆ ಡಿಎನ್‌ಎ ಮೇಲೆ ಕೂತ ತಡೆ ಪ್ರೋಟೀನು ಜಾಗ ಬಿಡುವುದಿಲ್ಲ, ಕಿಣ್ವ ತಯಾರಾಗುವುದಿಲ್ಲ. ಮುಖ್ಯ ಕಾರಣ ಈ ಬಾಗಿಲು. ಇದನ್ನೇ ಮೊದಲು ಹೇಳಿ.

ಇದು ನಿಮಿಷಗಟ್ಟಲೆ ಹಿಡಿಯುವ ನಿಯಂತ್ರಣ. ತಯಾರಾಗಿರುವ ಕಿಣ್ವವನ್ನೇ ಕ್ಷಣದಲ್ಲಿ ಬಿಗಿ ಅಥವಾ ಸಡಿಲ ಮಾಡುವುದು ಬೇರೆ. ಉದಾಹರಣೆಗೆ, ಗ್ಲೂಕೋಸ್ ಒಡೆಯುವ ದಾರಿಯಲ್ಲಿರುವ ಇ. ಕೋಲೈಯ ಫಾಸ್ಫೋಫ್ರಕ್ಟೋಕೈನೇಸ್ ಎಂಬ ಕಿಣ್ವವನ್ನು ಅದೇ ದಾರಿಯಲ್ಲಿ ಮುಂದೆ ಬರುವ ಪಿಇಪಿ ಅಣು ತಡೆಯುತ್ತದೆ, ಶಕ್ತಿ ಖರ್ಚಾದಾಗ ಉಳಿಯುವ ಎಡಿಪಿ ಚುರುಕು ಮಾಡುತ್ತದೆ. ನಮ್ಮವರು ತಡೆಯುವುದು ಸಿಟ್ರೇಟ್ ಎಂದು ಬರೆಯುತ್ತಾರೆ. ಅದು ಮನುಷ್ಯರ ಪಾಠ.

ಮುಗಿದ ಮೇಲೆ ಫ್ಲಾಸ್ಕಿನ ಕಲ್ಚರಿಗೆ ಬ್ಲೀಚ್ ಹಾಕಿ ಅರ್ಧ ಗಂಟೆ ಬಿಡಿ. ಕ್ಲೋರೋಫಾರ್ಮ್ ಇರುವ ಟ್ಯೂಬಿಗೆ ಮಾತ್ರ ಬ್ಲೀಚ್ ಬೇಡ, ಸಿಂಕಿಗೂ ಬೇಡ. ಅದಕ್ಕೆ ಬೇರೆ ಬಾಟಲಿ ಇಟ್ಟು, ಮೇಲೆ ಚೀಟಿ ಅಂಟಿಸಿ ಲ್ಯಾಬ್ ಅಟೆಂಡರ್ ಅಣ್ಣನಿಗೆ ಹೇಳಿಯೇ ಹೊರಡಿ.