ಹಿರೇಮದ್ದಿನ ಬೇರು ಒಂದೇ ಥರ ಬರಲಿ ಅಂತ ಮಾಡಿದ ಕೆಲಸ

ಚಿತ್ರದುರ್ಗದ ಕಡೆ ನಮ್ಮದು ಮಳೆ ನಂಬಿದ ಕೆಂಪು ಮಣ್ಣು. ಮೊದಲ ವರ್ಷ ಒಂದು ಎಕರೆಗೆ ಹಿರೇಮದ್ದು, ಅಂದ್ರೆ ಅಶ್ವಗಂಧ, ಚೆಲ್ಲಿದೆ. ಬೇರು ಮಾರಲು ಹೋದಾಗ ವ್ಯಾಪಾರಿ ಚೀಲ ಸುರಿದು ಮೂರು ಗುಡ್ಡೆ ಮಾಡಿದರು. ನೆಟ್ಟಗಿನ ದಪ್ಪ ಬೇರು ಒಂದು ಹಿಡಿ, ಕವಲೊಡೆದದ್ದು ಜಾಸ್ತಿ, ಉಳಿದದ್ದು ಬರೀ ನಾರು. ಹೊಲ ಒಂದೇ, ಗೊಬ್ಬರ ಒಂದೇ, ಕಿತ್ತದ್ದೂ ಒಂದೇ ವಾರ. ಹಾಗಾದರೆ ಬೀಜವೇ ಬೆರಕೆ ಅಲ್ವಾ?

ಎರಡನೇ ವರ್ಷ ಸೊಂಪಾಗಿ ಬೆಳೆದ ಗಿಡಗಳ ಬೀಜ ಇಟ್ಟುಕೊಂಡೆ. ತಪ್ಪು ಮಾಡಿದೆ. ಸೊಪ್ಪು ಚೆನ್ನಾಗಿದ್ದ ಮಾತ್ರಕ್ಕೆ ಬೇರೂ ಚೆನ್ನಾಗಿರಬೇಕು ಅಂತೇನಿಲ್ಲ.

ಆಮೇಲೆ ದಾರಿ ಬದಲಿಸಿದೆ. ಈ ಬೆಳೆಯಲ್ಲಿ ಒಂದು ಅನುಕೂಲ ಇದೆ, ಬೇರು ಕೀಳುವ ಹೊತ್ತಿಗೆ ಹಣ್ಣೂ ಕೆಂಪಾಗಿರುತ್ತದೆ. ಹಾಗಾಗಿ ಅರವತ್ತು ಗಿಡಕ್ಕೆ ನಂಬರ್ ಚೀಟಿ ಕಟ್ಟಿ, ಒಂದೊಂದರ ಹಣ್ಣನ್ನೂ ಬೇರೆ ಬೇರೆ ಕವರಿಗೆ ಹಾಕಿ, ಅದೇ ನಂಬರ್ ಬರೆದು, ಆಮೇಲೆ ಗಿಡ ಕಿತ್ತೆ. ಒಣಗಿದ ಬೇರನ್ನು ಕೈಯಲ್ಲಿ ಮುರಿದು ನೋಡುವುದು. ಒಳ್ಳೆಯದಾದರೆ ಲಟಕ್ ಅಂತ ಮುರಿಯುತ್ತದೆ, ಒಳಗೆ ಹಿಟ್ಟಿನ ಹಾಗೆ ಬೆಳ್ಳಗಿರುತ್ತದೆ. ನಾರು ಬೇರು ಬಾಗುತ್ತದೆ, ಮುರಿಯುವುದಿಲ್ಲ. ಅರವತ್ತರಲ್ಲಿ ಉಳಿದದ್ದು ಹನ್ನೊಂದು. ಮಿಕ್ಕ ಕವರುಗಳ ಬೀಜ ಎಸೆದೆ.

ಮುಂದಿನ ಮಳೆಗೆ ಹನ್ನೊಂದಕ್ಕೂ ಒಂದೊಂದು ಸಾಲು. ಪಕ್ಕದಲ್ಲೇ ನಮ್ಮ ಹಳೇ ಬೀಜ, ಮತ್ತೆ ಮಧ್ಯಪ್ರದೇಶದ ಮಂದಸೌರ್‌ನಲ್ಲಿ ತಯಾರಾದ ಜವಾಹರ್ ಅಸಗಂಧ್-20 ಅನ್ನೋ ಹಿರೇಮದ್ದಿನ ತಳಿ, ಹೋಲಿಸಿ ನೋಡೋಕೆ. ಈ ಗಿಡ ಬಹುಪಾಲು ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ, ಆದರೂ ಜೇನು ಬಂದು ಬೆರಕೆ ಆಗುವುದುಂಟು. ಅದಕ್ಕೆ ಬೀಜಕ್ಕಿಟ್ಟ ಕೊಂಬೆಗಳಿಗೆ ಹೂ ಬಿಡುವ ಮೊದಲೇ ತೆಳು ಬಟ್ಟೆ ಚೀಲ ಕಟ್ಟಿದೆ. ಬದುವಿನ ಮೇಲೆ ತಾನಾಗಿ ಹುಟ್ಟಿದ್ದ ಹಿರೇಮದ್ದನ್ನೆಲ್ಲ ಕಿತ್ತು ಹಾಕಿದೆ.

ಮೂರು ವರ್ಷ ಇದೇ ಕೆಲಸ ಮಾಡಿದ ಮೇಲೆ ನಾಲ್ಕು ಸಾಲು ಉಳಿದವು. ನೋಡೋಕೆ ನಾಲ್ಕೂ ಒಂದೇ ಥರ. ಲ್ಯಾಬಿಗೆ ಕೊಟ್ಟಾಗ ಒಂದರಲ್ಲಿ ವಿಥನೊಲೈಡ್, ಅಂದ್ರೆ ಈ ಬೇರಿನ ಔಷಧಿ ಅಂಶ, ತೀರಾ ಕಡಿಮೆ ಬಂತು, ನನಗೆ ಅದೇ ಬೇರು ಜಾಸ್ತಿ ಇಷ್ಟವಾಗಿತ್ತು! ಬೇಜಾರಾದರೂ ಬಿಟ್ಟೆ. ಔಷಧಿಗೆ ಹೋಗುವ ಬೇರಲ್ವಾ, ಅದರಲ್ಲಿ ಗುಣವೇ ಇಲ್ಲದಿದ್ದರೆ ಏನು ಬಂತು.

ಬೀಜ ಒಂದೇ ಆದರೂ ನೀರು ನಿಲ್ಲುವ ಮೂಲೆಯಲ್ಲಿ ಬೇರು ಕೊಳೆಯುತ್ತದೆ, ತಡವಾಗಿ ಕಿತ್ತರೆ ನಾರಾಗುತ್ತದೆ. ಅದಕ್ಕೇ ಈಗ ಆ ಮೂಲೆಗೆ ಬಿತ್ತುವುದಿಲ್ಲ, ಕೆಳಗಿನ ಎಲೆ ಹಳದಿಯಾಗಿ ಹಣ್ಣು ಕೆಂಪಾದ ಕೂಡಲೇ ಕೀಳುತ್ತೇವೆ. ಹೋದ ಸಲ ವ್ಯಾಪಾರಿ ಮಾಡಿದ್ದು ಎರಡೇ ಗುಡ್ಡೆ, ಎರಡನೆಯದು ಒಂದು ಮೊರದಷ್ಟು.