ಮೊದಲು ಉಸಿರು ಎಣಿಸಿ: ವಾರ್ಡಿನಲ್ಲಿ ಸೆಪ್ಸಿಸ್ ಬೇಗ ಹಿಡಿಯುವ ಬಗೆ

ಮೆಡಿಸಿನ್ ವಾರ್ಡಿನ ನೈಟ್ ಡ್ಯೂಟಿಗೆ ಹೊಸದಾಗಿ ಬರುವ ನರ್ಸ್‌ಗಳನ್ನು ನಾನು ಮೊದಲು ಕೇಳುವುದು, ಸೆಕೆಂಡ್ ಮುಳ್ಳಿರುವ ವಾಚ್ ಇದೆಯಾ ಅಂತ. ಎಷ್ಟೋ ಚಾರ್ಟ್‌ಗಳಲ್ಲಿ ಸಾಲಾಗಿ ಎಲ್ಲರ ಉಸಿರೂ ನಿಮಿಷಕ್ಕೆ 20. ಎಣಿಸದೆ ಬರೆದ 20 ಅದು. ಸೋಂಕಿಗೆ ಮೈ ತಾಳತಪ್ಪಿ ಪ್ರತಿಕ್ರಿಯಿಸಿ ಅಂಗಾಂಗಗಳೇ ಕೆಡತೊಡಗುವ ಸ್ಥಿತಿ ಸೆಪ್ಸಿಸ್. ಅದರಲ್ಲಿ ಎಷ್ಟೋ ಸಲ ಬಿಪಿ ಬೀಳುವ ಮುಂಚೆಯೇ ಉಸಿರು ಏರಿರುತ್ತದೆ. ನಾಡಿ ನೋಡುವವರ ಹಾಗೆ ಕೈ ಹಿಡಿದುಕೊಂಡೇ ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎಣಿಸುತ್ತಿದ್ದೀರಿ ಅಂತ ಗೊತ್ತಾದರೆ ರೋಗಿಯ ಉಸಿರಾಟವೇ ಬದಲಾಗುತ್ತದೆ. ಸೋಂಕಿರುವವರಲ್ಲಿ 22 ಮುಟ್ಟಿದರೆ ಆ ಮಂಚ ಬಿಟ್ಟು ಮುಂದೆ ಹೋಗಬೇಡಿ.

ಜೊತೆಗಿರುವವರನ್ನು ಕೇಳಿ: "ಅಜ್ಜಿ ಯಾವಾಗಿನ ಹಾಗೇ ಮಾತಾಡ್ತಿದ್ದಾರಾ?" ಮಗಳು "ಸಂಜೆಯಿಂದ ಏನೇನೋ ಅಂತಿದ್ದಾರೆ" ಎಂದರೆ ವಯಸ್ಸಾಯ್ತಲ್ಲ ಎಂದು ತಳ್ಳಿಹಾಕಬೇಡಿ. ಜ್ವರವಿಲ್ಲ ಅಂತ ನಿರಾಳವಾಗಲೂಬೇಡಿ, ವಯಸ್ಸಾದವರ ಮೈ 36 ಡಿಗ್ರಿಗಿಂತ ಕೆಳಗಿಳಿದಿರಬಹುದು. ಬೆರಳ ತುದಿ ಒತ್ತಿ ಬಿಡಿ; ರಕ್ತ ಮರಳಲು 3 ಸೆಕೆಂಡ್ ದಾಟಿದರೆ ಅಪಾಯ. 60 ಕೆಜಿ ತೂಕದವರಿಗೆ ಮೂತ್ರ ಗಂಟೆಗೆ 30 ಎಂಎಲ್‌ಗಿಂತ ಕಡಿಮೆಯಾದರೂ ಅಷ್ಟೇ.

ಡ್ಯೂಟಿ ಡಾಕ್ಟರಿಗೆ "ಪೇಷಂಟ್ ಯಾಕೋ ಡಲ್ ಇದ್ದಾರೆ" ಅಂದರೆ ಸಾಲದು. "ಮೂತ್ರದ ಸೋಂಕು, ಉಸಿರು 28, ಬಿಪಿ 94/50, ಮಾತು ಗೊಂದಲ. ಸೆಪ್ಸಿಸ್ ಇರಬಹುದು, ಈಗಲೇ ಬನ್ನಿ" ಅನ್ನಿ. ಆ ಹೆಸರನ್ನು ಬಾಯಿಬಿಟ್ಟು ಹೇಳಲು ಹಿಂಜರಿಯಬೇಡಿ.

ಅವರು ಬರುವಷ್ಟರಲ್ಲಿ ಐವಿ ಲೈನ್ ಆಗಿರಲಿ. ಆ್ಯಂಟಿಬಯೋಟಿಕ್‌ಗೆ ಮುಂಚೆ ಎರಡು ಸೆಟ್ ಬ್ಲಡ್ ಕಲ್ಚರ್ (ರಕ್ತದಲ್ಲಿ ರೋಗಾಣು ಬೆಳೆಯುತ್ತದಾ ಎಂದು ನೋಡುವ ಪರೀಕ್ಷೆ), ಜೊತೆಗೆ ಲ್ಯಾಕ್ಟೇಟ್ (ಅಂಗಗಳಿಗೆ ರಕ್ತ ಸಾಲದಾಗ ಏರುವ ಅಂಶ). ಕಲ್ಚರ್ ಬಾಟಲಿ ಸಿಗದಿದ್ದರೆ ಅದಕ್ಕಾಗಿ ಔಷಧ ನಿಲ್ಲಿಸಬಾರದು. ಶಾಕ್ (ಬಿಪಿ ಕುಸಿದು ಅಂಗಗಳಿಗೆ ರಕ್ತ ಸಾಲದ ಸ್ಥಿತಿ) ಇದ್ದರೆ ಆ್ಯಂಟಿಬಯೋಟಿಕ್‌ನ ಮೊದಲ ಡೋಸ್ ಒಂದು ಗಂಟೆಯೊಳಗೆ ಹೋಗಲೇಬೇಕು. ಶಾಕ್ ಇಲ್ಲದೆ ಬರೀ ಅನುಮಾನವಿದ್ದರೆ ಬೇಗ ಪರೀಕ್ಷಿಸಿ, ಅನುಮಾನ ಉಳಿದರೆ 3 ಗಂಟೆಯೊಳಗೆ ಕೊಡುವುದು. ನಾನು ಕಂಡಂತೆ ಹೊತ್ತು ಹೋಗುವುದು ಇಂಡೆಂಟು (ಔಷಧದ ಬೇಡಿಕೆ ಚೀಟಿ), ಬಿಲ್ಲು, ಫಾರ್ಮಸಿ ಕಿಟಕಿಯ ಮುಂದೆ. ಅದಕ್ಕೇ ಮೊದಲ ಡೋಸ್ ವಾರ್ಡಿನ ಕಪಾಟಿನಲ್ಲೇ ಇರಬೇಕು ಅಂತ ನಾನು ಹಟ ಹಿಡಿಯುತ್ತೇನೆ.

ಹೊಲ, ಕುರುಚಲು ಕಾಡಿನಲ್ಲಿ ಓಡಾಡುವವರಾದರೆ ಕಂಕುಳು, ತೊಡೆಸಂದು, ಸ್ತನದ ಕೆಳಗೆ ಬಟ್ಟೆ ಸರಿಸಿ ನೋಡಿ. ಬೀಡಿ ಸುಟ್ಟ ಗಾಯದಂಥ ಕಪ್ಪು ಹಕ್ಕಳೆ ಕಂಡರೆ ಸ್ಕ್ರಬ್ ಟೈಫಸ್ (ಸಣ್ಣ ನುಸಿಹುಳು ಕಚ್ಚಿ ಬರುವ ಜ್ವರ) ಇರಬಹುದು. ಅದಕ್ಕೆ ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯೋಟಿಕ್ ನಾಟುವುದಿಲ್ಲ, ಡಾಕ್ಸಿಸೈಕ್ಲಿನ್ ಬೇಕು. ಕಂಡದ್ದನ್ನು ಡಾಕ್ಟರಿಗೆ ತೋರಿಸಿ.

ಬಿಪಿ ಬಿದ್ದಿದ್ದರೆ ಅಥವಾ ಲ್ಯಾಕ್ಟೇಟ್ ಏರಿದ್ದರೆ ಡಾಕ್ಟರು ಸಾಮಾನ್ಯವಾಗಿ ಮೊದಲ 3 ಗಂಟೆಯಲ್ಲಿ ಕೆಜಿಗೆ 30 ಎಂಎಲ್ ಲೆಕ್ಕದಲ್ಲಿ ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ಬರೆಯುತ್ತಾರೆ. ಪ್ರತಿ ಬಾಟಲಿಯ ನಂತರ ಉಸಿರು ಮತ್ತೆ ಎಣಿಸಿ. ಹೃದಯ, ಕಿಡ್ನಿ ಕಾಯಿಲೆಯವರಲ್ಲಿ, ಡೆಂಗಿ ಇರುವವರಲ್ಲಿ ಇನ್ನೂ ಎಚ್ಚರ. ಸರಾಸರಿ ಬಿಪಿ 65 ಮುಟ್ಟದಿದ್ದರೆ ನಾರ್‌ಅಡ್ರಿನಲಿನ್, ಅಂದರೆ ರಕ್ತನಾಳ ಬಿಗಿಗೊಳಿಸಿ ಬಿಪಿ ಏರಿಸುವ ಔಷಧ. ಸೆಂಟ್ರಲ್ ಲೈನ್‌ಗೆ (ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆಗೆ) ಕಾಯದೆ ಮೊಣಕೈಯ ಒಳ್ಳೆಯ ರಕ್ತನಾಳದಲ್ಲೇ ಶುರು ಮಾಡಬಹುದು, ಸೂಜಿಯ ಜಾಗ ಮಾತ್ರ ನೋಡುತ್ತಿರಬೇಕು.

ಕೇಸ್ ಶೀಟಿನಲ್ಲಿ ಔಷಧದ ಆರ್ಡರ್ ಆದ ಹೊತ್ತಲ್ಲ, ಅದು ರಕ್ತನಾಳಕ್ಕೆ ಹೋದ ಹೊತ್ತನ್ನು ಬರೆಯಿರಿ.